ಹಳೇ ಕಂಪ್ಯೂಟರ್, ಹೊಸ ರೋಬೋ: ಮಕ್ಕಳಿಗೆ ಯಾವ ಎಡಿಟರ್ ಹಾಕಿಕೊಡಲಿ?

ನವನಗರ ಮೇಷ್ಟ್ರು

ನಮಸ್ಕಾರ. ಬಾಗಲಕೋಟೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಈ ವರ್ಷ ಎಂಟು, ಒಂಬತ್ತನೇ ತರಗತಿಯವರಿಗೆ ಶನಿವಾರದ ರೋಬೋಟಿಕ್ಸ್ ಶುರು ಮಾಡಿದ್ದೇವೆ. ದೊಡ್ಡದೇನಿಲ್ಲ. ಕಪ್ಪು ಗೆರೆ ಹಿಡಿದು ಓಡುವ ಗಾಡಿ, ಗೋಡೆ ಬಂದರೆ ತಿರುಗುವ ಗಾಡಿ. ಗಾಡಿಗೆ ಮಿದುಳಿನಂತೆ ಕೆಲಸ ಮಾಡುವ ಆರ್ಡುಯಿನೊ ಊನೊ ಬೋರ್ಡುಗಳಿವೆ, ಎಲ್ಲವೂ ಕಡಿಮೆ ಬೆಲೆಯ ನಕಲು. ಜೊತೆಗೆ ಮೋಟರಿಗೆ ಕರೆಂಟ್ ಕೊಡುವ ಎಲ್298 ಡ್ರೈವರ್, ಹಳದಿ ಬಣ್ಣದ ಬಿಒ ಮೋಟರ್, ಗೆರೆ ಗುರುತಿಸುವ ಐಆರ್ ಸೆನ್ಸರ್.

ತಲೆನೋವು ಇರುವುದು ಕಂಪ್ಯೂಟರಿನಲ್ಲಿ. ಹತ್ತು ಇವೆ. ನಾಲ್ಕರಲ್ಲಿ ವಿಂಡೋಸ್ 7, ಉಳಿದವುಗಳಲ್ಲಿ ವಿಂಡೋಸ್ 10. ರ‍್ಯಾಮ್ 4 ಜಿಬಿ, ಕೆಲವುದರಲ್ಲಿ ಅದೂ ಇಲ್ಲ. ಇಂಟರ್ನೆಟ್ ಎಂದರೆ ನನ್ನ ಮೊಬೈಲಿನ ಹಾಟ್‌ಸ್ಪಾಟ್, ಅಷ್ಟೇ.

ನಮ್ಮ ಶಾಲೆಯಲ್ಲೇ ಓದಿ ಈಗ ಇಂಜಿನಿಯರಿಂಗ್ ಮಾಡುತ್ತಿರುವ ಹುಡುಗ ಬಂದು ವಿಎಸ್ ಕೋಡ್ ಎಂಬ ಎಡಿಟರ್ (ಕೋಡ್ ಬರೆಯುವ ಸಾಫ್ಟ್‌ವೇರ್) ಹಾಕಿ ಸರ್ ಎಂದ. ಇನ್ನೊಬ್ಬರು ಮಕ್ಕಳಿಗೆ ಕೋಡ್ ಟೈಪ್ ಮಾಡುವ ಬದಲು ಪರದೆಯ ಮೇಲೆ ಬ್ಲಾಕ್ ಜೋಡಿಸುವುದೇ ಸರಿ ಎಂದರು. ಮೂರನೆಯವರು ಪೈಥಾನ್ ಭಾಷೆ ಇಲ್ಲದೆ ಮುಂದೆ ಗತಿಯಿಲ್ಲ ಎಂದರು. ಮೂವರೂ ಅವರವರ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ತೋರಿಸಿದರು. ನಮ್ಮ ಲ್ಯಾಬಿನಲ್ಲಿ ಯಾವುದು ಓಡುತ್ತದೆ ಹೇಳಿ.

ಉದ್ಯಮಬಾಗ ಲೇಥ್

ಆರ್ಡುಯಿನೊದವರದ್ದೇ ಎಡಿಟರ್, ಆರ್ಡುಯಿನೊ ಐಡಿಇ 1.8.19. ವಿಂಡೋಸ್ 7ರಲ್ಲೂ ಓಡುತ್ತದೆ, 10ರಲ್ಲೂ ಓಡುತ್ತದೆ. ಉಳಿದದ್ದೆಲ್ಲ ಶೋಕಿ.

ಗುಮ್ಮಟದ ನೆರಳು

ಲೇಥ್ ಅಣ್ಣ, ಅದು 2021ರ ಕೊನೆಯಲ್ಲಿ ಬಂದ ಆವೃತ್ತಿ. 1.8 ಸಾಲಿನಲ್ಲಿ ಅದೇ ಕೊನೆಯದು, ಆಮೇಲೆ ಹೊಸದೇನೂ ಬಂದಿಲ್ಲ. ಕೋಡ್ ಅರ್ಧ ಟೈಪ್ ಮಾಡಿದರೆ ಉಳಿದದ್ದನ್ನು ತೋರಿಸುವುದಿಲ್ಲ. ಒಂದು ಫಂಕ್ಷನ್ ಎಲ್ಲಿದೆ ಎಂದು ಹುಡುಕಲು ಪೂರ್ತಿ ಫೈಲ್ ಮೇಲೆ ಕೆಳಗೆ ಓಡಾಡಬೇಕು.

ನಾನು ವಿಜಯಪುರದಲ್ಲಿ ಇಂಜಿನಿಯರಿಂಗ್ ಕೊನೇ ವರ್ಷ. ನಮ್ಮ ತಂಡ ಪೂರ್ತಿ ವಿಎಸ್ ಕೋಡ್ ಮತ್ತು ಅದರೊಳಗೆ ಸೇರಿಸುವ ಪ್ಲಾಟ್‌ಫಾರ್ಮ್‌ಐಒ ಮೇಲೆ ನಿಂತಿದೆ. ಯಾವ ಬೋರ್ಡು, ಯಾವ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್), ಅದರ ಯಾವ ಆವೃತ್ತಿ, ಎಲ್ಲ ಒಂದೇ ಫೈಲಿನಲ್ಲಿ ಬರೆದಿರುತ್ತದೆ. ಆ ಫೋಲ್ಡರ್ ಇನ್ನೊಬ್ಬನಿಗೆ ಕೊಟ್ಟರೆ ಅವನ ಕಂಪ್ಯೂಟರಿನಲ್ಲೂ ಅದೇ ಲೈಬ್ರರಿ ಬಂದು ಕೂರುತ್ತದೆ. "ನನ್ನ ಹತ್ತಿರ ಓಡಿತ್ತಲ್ಲ ಸರ್" ಎನ್ನುವ ಮಾತೇ ಬರುವುದಿಲ್ಲ. ಮಕ್ಕಳು ನಾಳೆ ಕಾಲೇಜಿಗೆ ಬಂದರೆ ಇದನ್ನೇ ಕಲಿಯಬೇಕು ಅಲ್ವಾ? ಈಗಲೇ ಕಲಿಯಲಿ.

ಕುಂದಾ ಡಬ್ಬಿ

ಹದಿಮೂರು ವರ್ಷದ ಮಗುವಿಗೆ ಸೆಮಿಕೋಲನ್ ಮರೆತ ತಪ್ಪಿಗೆ ಕೆಂಪು ಅಕ್ಷರದ ಹತ್ತು ಸಾಲು ತೋರಿಸಿ "ಈಗಲೇ ಕಲಿ" ಎನ್ನುತ್ತೀರಾ? ಬೆಳಗಾವಿಯಲ್ಲಿ ನಾನು ವಾರಾಂತ್ಯದ ತರಗತಿ ನಡೆಸುತ್ತೇನೆ. ಮೇಷ್ಟ್ರೇ, ಪಿಕ್ಟೊಬ್ಲಾಕ್ಸ್ ಅಥವಾ ಎಂಬ್ಲಾಕ್ ನೋಡಿ. ಎರಡೂ ಬ್ಲಾಕ್ ಎಳೆದು ಜೋಡಿಸುವ ಸ್ಕ್ರ್ಯಾಚ್ ಮಾದರಿಯವು. ಊನೊ ಬೋರ್ಡಿಗೂ ಆಗುತ್ತವೆ. ಮಕ್ಕಳು ಮೊದಲನೇ ದಿನವೇ ಮೋಟರ್ ತಿರುಗಿಸಿ ಕೇಕೆ ಹಾಕುತ್ತಾರೆ.

ಒಂದು ವಿಷಯ ಮಾತ್ರ ಮೊದಲೇ ಹೇಳಿಕೊಡಿ. ಇವುಗಳಲ್ಲಿ ಎರಡು ಬಗೆ ಇದೆ. ಒಂದರಲ್ಲಿ ಪ್ರೋಗ್ರಾಂ ಓಡುವುದು ಕಂಪ್ಯೂಟರಿನಲ್ಲಿ, ಬೋರ್ಡು ಬರೀ ಹೇಳಿದ್ದು ಕೇಳುತ್ತದೆ. ಕೇಬಲ್ ಕಿತ್ತರೆ ಗಾಡಿ ನಿಂತುಬಿಡುತ್ತದೆ. ಇನ್ನೊಂದು ಅಪ್‌ಲೋಡ್ ಬಗೆ. ಅದರಲ್ಲಿ ಪ್ರೋಗ್ರಾಂ ಬೋರ್ಡಿನೊಳಗೇ ಹೋಗಿ ಕೂರುತ್ತದೆ. ಬಹಳ ಶಾಲೆಗಳಲ್ಲಿ "ಸರ್, ವೈರ್ ತೆಗೆದರೆ ಓಡಲ್ಲ" ಎನ್ನುವ ದೂರು ಬರುವುದು ಈ ವ್ಯತ್ಯಾಸ ಯಾರೂ ಹೇಳದ್ದಕ್ಕೆ. ಅಪ್‌ಲೋಡ್ ಬಗೆಯಲ್ಲಿ ಪಕ್ಕದಲ್ಲೇ ಆರ್ಡುಯಿನೊ ಬಳಸುವ ಸಿ++ ಭಾಷೆಯ ಕೋಡ್ ಕೂಡ ಕಾಣಿಸುತ್ತದೆ. ಬ್ಲಾಕ್ ಬದಲಾಯಿಸಿದರೆ ಕೋಡ್ ಹೇಗೆ ಬದಲಾಗುತ್ತದೆ ಎಂದು ಮಕ್ಕಳು ತಾವೇ ನೋಡುತ್ತಾರೆ. ಸೇತುವೆ ಅಲ್ಲಿದೆ.

ಉದ್ಯಮಬಾಗ ಲೇಥ್

ಕುಂದಾ ಮೇಡಂ, ನಿಮ್ಮ ತರಗತಿಯ ಲ್ಯಾಪ್‌ಟಾಪ್ ಬೇರೆ, ಸರ್ ಹೇಳುವ ಡಬ್ಬಾ ಬೇರೆ. ಕೇಂದ್ರ ಸರ್ಕಾರದ ಅಟಲ್ ಟಿಂಕರಿಂಗ್ ಲ್ಯಾಬ್ ಸಿಕ್ಕ ಶಾಲೆಯಾದರೆ ಮಾತು ಬೇರೆ ಇತ್ತು. 2016ರಲ್ಲಿ ಶುರುವಾದ ಆ ಯೋಜನೆಯಲ್ಲಿ ಒಂದು ಶಾಲೆಗೆ 20 ಲಕ್ಷದವರೆಗೆ ಬರುತ್ತದೆ. ಕಂಪ್ಯೂಟರೂ ಬರುತ್ತದೆ, ಕಿಟ್ಟೂ ಬರುತ್ತದೆ. ಇಲ್ಲಿ ಹಾಟ್‌ಸ್ಪಾಟ್ ಮೇಲೆ ನಡೆಯಬೇಕು.

ಇಳಕಲ್ ಸೆರಗು

ಇಷ್ಟು ಹೊತ್ತು ಎಲ್ಲರೂ ತಮಗೆ ಇಷ್ಟವಾದದ್ದನ್ನು ಹೇಳಿದರು. ಮೇಷ್ಟ್ರು ಕೇಳಿದ್ದು ಅವರ ಲ್ಯಾಬಿನಲ್ಲಿ ಯಾವುದು ಓಡುತ್ತದೆ ಎಂದು. ಕೆಲಸಕ್ಕೆ ಬೆಂಗಳೂರಿನಲ್ಲಿದ್ದೇನೆ, ಯಂತ್ರದೊಳಗಿನ ಚಿಪ್ಪಿಗೆ ಕೋಡ್ ಬರೆಯುವ ಎಂಬೆಡೆಡ್ ಕಡೆಯವಳು, ಊರು ಇಳಕಲ್. ಲೆಕ್ಕ ಹಾಕೋಣ.

ಮೊದಲು ವಿಎಸ್ ಕೋಡ್. ವಿಂಡೋಸ್ 7ಕ್ಕೆ ಅದರ ಕೊನೆಯ ಆವೃತ್ತಿ 1.70, 2022ರ ಜುಲೈಯದ್ದು. ಆಮೇಲಿನದ್ದು ಅಲ್ಲಿ ಓಡುವುದಿಲ್ಲ. ಅಂದರೆ ನಾಲ್ಕು ಕಂಪ್ಯೂಟರ್ ಹೋದವು. ಉಳಿದ ಆರರಲ್ಲಿ 4 ಜಿಬಿ. ಎಡಿಟರ್ ತೆರೆದು, ಅದರೊಳಗೆ ಪ್ಲಾಟ್‌ಫಾರ್ಮ್‌ಐಒ ಎದ್ದು, ಪಕ್ಕದಲ್ಲಿ ಬ್ರೌಸರ್ ಇದ್ದರೆ ಆ ಮಷೀನ್ ಏದುಸಿರು ಬಿಡುತ್ತದೆ. ಜೊತೆಗೆ ಮೊದಲ ಸಲ ಬೋರ್ಡಿಗೆ ಬೇಕಾದ ಕಂಪೈಲರ್ (ಕೋಡನ್ನು ಬೋರ್ಡಿನ ಭಾಷೆಗೆ ತಿರುಗಿಸುವ ಸಾಫ್ಟ್‌ವೇರ್) ಎಲ್ಲವನ್ನೂ ಅದು ನೆಟ್‌ನಿಂದ ಇಳಿಸಿಕೊಳ್ಳುತ್ತದೆ. ಆರು ಕಂಪ್ಯೂಟರಿಗೆ ಮೇಷ್ಟ್ರ ಮೊಬೈಲ್ ಡೇಟಾ ಸಾಲುವುದಿಲ್ಲ.

ಆರ್ಡುಯಿನೊ ಐಡಿಇ 2 ಬಂದದ್ದು 2022ರ ಸೆಪ್ಟೆಂಬರಿನಲ್ಲಿ. ನೋಡಲು ಚಂದ, ಅರ್ಧ ಟೈಪ್ ಮಾಡಿದರೆ ಉಳಿದದ್ದು ತೋರಿಸುತ್ತದೆ. ಆದರೆ ಒಳಗಿನ ಕಟ್ಟಡ ವಿಎಸ್ ಕೋಡ್ ಜಾತಿಯದ್ದೇ. ಅದೂ ಭಾರ. ಅದಕ್ಕೆ 64 ಬಿಟ್‌ನ ವಿಂಡೋಸ್ 10 ಬೇಕು.

ಕಳೆಯುತ್ತಾ ಬಂದರೆ ಕೊನೆಗೆ ಉಳಿಯುವುದು ಲೇಥ್ ಅವರು ಹೇಳಿದ 1.8.19. ಆದರೆ ನಾನು ಅದನ್ನು ಆರಿಸುವುದು ಹಗುರ ಎನ್ನುವುದೊಂದೇ ಕಾರಣಕ್ಕಲ್ಲ. ಅದರಲ್ಲಿ ಪೋರ್ಟಬಲ್ ವ್ಯವಸ್ಥೆ ಇದೆ. ಗುಮ್ಮಟದ ತಮ್ಮ ಹೇಳಿದ "ಎಲ್ಲರ ಹತ್ತಿರ ಒಂದೇ ಆವೃತ್ತಿ" ಎನ್ನುವ ಸುಖ ನೆಟ್ ಇಲ್ಲದೆಯೂ ಸಿಗುತ್ತದೆ.

ಹೀಗೆ ಮಾಡಿ ಸರ್. ಇನ್‌ಸ್ಟಾಲರ್ ಬೇಡ, ಜಿಪ್ ಫೈಲ್ ಇಳಿಸಿಕೊಳ್ಳಿ. ಬಿಚ್ಚಿದ ಫೋಲ್ಡರಿನ ಒಳಗೆ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಪೋರ್ಟಬಲ್ ಎಂಬ ಹೆಸರಿನ ಖಾಲಿ ಫೋಲ್ಡರ್ ಮಾಡಿ. ಆಮೇಲೆ ಐಡಿಇ ತೆರೆಯಿರಿ. ಈಗಿನಿಂದ ನೀವು ಹಾಕುವ ಲೈಬ್ರರಿ, ಸೆಟ್ಟಿಂಗ್, ಬರೆದ ಸ್ಕೆಚ್ (ಪ್ರೋಗ್ರಾಂ) ಎಲ್ಲವೂ ಆ ಫೋಲ್ಡರಿನಲ್ಲೇ ಕೂರುತ್ತವೆ. ಒಂದು ಕಂಪ್ಯೂಟರಿನಲ್ಲಿ ಬೇಕಾದ ಲೈಬ್ರರಿ ಎಲ್ಲ ಹಾಕಿ. ಊನೊ ಆರಿಸಿ, ಸಾಲಿನ ಸಂಖ್ಯೆ ಕಾಣುವ ಆಯ್ಕೆ ಹಾಕಿ, ಅಕ್ಷರ ದೊಡ್ಡದು ಮಾಡಿ. ಆಮೇಲೆ ಪೂರ್ತಿ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿ ಹತ್ತೂ ಕಡೆ ಕಾಪಿ ಮಾಡಿ. ಯಾವುದಾದರೂ ಕಂಪ್ಯೂಟರಿನಲ್ಲಿ ಮಕ್ಕಳು ಏನಾದರೂ ಕೆಡಿಸಿದರೆ ಸ್ಕೆಚ್ ಉಳಿಸಿಕೊಂಡು ಹಳೆಯದನ್ನು ಅಳಿಸಿ, ಮತ್ತೆ ಕಾಪಿ ಮಾಡಿ. ಐಡಿಇ 2ರಲ್ಲಿ ಈ ಸೌಲಭ್ಯ ಇಲ್ಲ.

ನಕಲು ಬೋರ್ಡಿನಲ್ಲಿ ಸಾಮಾನ್ಯವಾಗಿ ಸಿಎಚ್340 ಎಂಬ ಯುಎಸ್‌ಬಿ ಚಿಪ್ ಇರುತ್ತದೆ. ಅದರ ಡ್ರೈವರ್ ಮಾತ್ರ ಒಂದೊಂದು ಕಂಪ್ಯೂಟರಿನಲ್ಲೂ ಬೇರೆಯಾಗಿ ಹಾಕಬೇಕು, ಪೋರ್ಟಬಲ್ ಫೋಲ್ಡರಿನ ಜೊತೆ ಬರುವುದಿಲ್ಲ. ಆ ಫೈಲೂ ಪೆನ್‌ಡ್ರೈವಿನಲ್ಲಿ ಇರಲಿ.

ಗುಮ್ಮಟದ ನೆರಳು

ಅಕ್ಕ, ಪೋರ್ಟಬಲ್ ವಿಷಯ ಒಪ್ಪಿದೆ. ಆದರೂ ಕಂಪೈಲ್ ಆಗುವುದಕ್ಕೆ ಕಾಯುವ ಹೊತ್ತು ನೋಡಿದ್ದೀರಾ ಆ ಮಷೀನಿನಲ್ಲಿ? ಒಂದು ಸಂಖ್ಯೆ ಬದಲಾಯಿಸಿ ಮತ್ತೆ ಅಪ್‌ಲೋಡ್ ಎಂದರೆ ಮಕ್ಕಳು ಬೇಸತ್ತು ಕಿಟಕಿ ನೋಡುತ್ತಾರೆ. ಈ ಕಾರಣಕ್ಕೆ ನಾನು ಪೈಥಾನ್ ಪರ. ರಾಸ್ಪ್‌ಬೆರಿ ಪೈ ಪಿಕೊ ಬೋರ್ಡು, ಅದಕ್ಕೆ ಸಣ್ಣ ಬೋರ್ಡಿನ ಪೈಥಾನ್ ಆದ ಮೈಕ್ರೋಪೈಥಾನ್, ಎಡಿಟರ್ ಥಾನಿ. ಸಾಲು ಬರೆದು ಎಂಟರ್ ಒತ್ತಿದ ಕೂಡಲೇ ಮೋಟರ್ ತಿರುಗುತ್ತದೆ. ಕಾಯುವ ಮಾತೇ ಇಲ್ಲ.

ಇಳಕಲ್ ಸೆರಗು

ಥಾನಿ ನನಗೂ ಇಷ್ಟ. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಕಲಿಯುವವರಿಗೆ ಎಂದೇ ಮಾಡಿದ್ದು. ಗುಂಡಿಗಳು ಕಡಿಮೆ, ಪೈಥಾನ್ ಅದರೊಳಗೇ ಬರುತ್ತದೆ. ವಿಂಡೋಸ್ 7ಕ್ಕೂ ಹೊಂದುವ, ಪೈಥಾನ್ 3.8 ಇರುವ ಆವೃತ್ತಿ ಸಿಗುತ್ತದೆ. ಪಿಕೊಗೆ ಮೈಕ್ರೋಪೈಥಾನ್ ಹಾಕುವುದೂ ಸುಲಭ. ಬೂಟ್‌ಸೆಲ್ ಗುಂಡಿ ಒತ್ತಿ ಹಿಡಿದು ಕೇಬಲ್ ಚುಚ್ಚಿದರೆ ಪೆನ್‌ಡ್ರೈವಿನ ಹಾಗೆ ಕಾಣುತ್ತದೆ, ಫೈಲ್ ಎಳೆದು ಹಾಕಿದರೆ ಆಯಿತು.

ಆದರೆ ತಮ್ಮ, ಮೇಷ್ಟ್ರ ಹತ್ತಿರ ಇರುವುದು ಊನೊ. ಊನೊದಲ್ಲಿ ರ‍್ಯಾಮ್ 2 ಕೆಬಿ ಮಾತ್ರ. ಮೈಕ್ರೋಪೈಥಾನ್ ಅದರಲ್ಲಿ ಕೂರುವುದೇ ಇಲ್ಲ. ಪಿಕೊದಲ್ಲಿ 264 ಕೆಬಿ ಇದೆ, ಆದ್ದರಿಂದ ನಡೆಯುತ್ತದೆ. ಅಂದರೆ ಪೈಥಾನ್ ಬೇಕು ಎಂದರೆ ಬೋರ್ಡೇ ಬದಲಾಗಬೇಕು. ಬೋರ್ಡು ಬದಲಾದರೆ ವೈರಿಂಗೂ ಬದಲು. ಪಿಕೊದ ಕಾಲುಗಳು (ಪಿನ್) 3.3 ವೋಲ್ಟ್‌ನವು. ದೂರ ಅಳೆಯುವ ಸಾದಾ ಅಲ್ಟ್ರಾಸೋನಿಕ್ ಸೆನ್ಸರಿನ 5 ವೋಲ್ಟ್ ಎಕೋ ಕಾಲನ್ನು ನೇರ ಸಿಕ್ಕಿಸಬಾರದು, ನಡುವೆ ಎರಡು ರೆಸಿಸ್ಟರ್ ಬೇಕು. ಒಂಬತ್ತನೇ ತರಗತಿಗೆ ವೋಲ್ಟೇಜ್ ಹಂಚುವುದನ್ನು ಕಲಿಸಲು ಒಳ್ಳೆಯ ನೆಪವೇ ಹೌದು. ಆದರೆ ಈ ವರ್ಷಕ್ಕೆ ಬೇಡ ಅನ್ನಿಸುತ್ತದೆ.

ನವನಗರ ಮೇಷ್ಟ್ರು

ಪೋರ್ಟಬಲ್ ಫೋಲ್ಡರ್ ಮಾಡಿ ಎರಡು ಕಂಪ್ಯೂಟರಿಗೆ ಹಾಕಿ ನೋಡಿದೆ. ವಿಂಡೋಸ್ 7ರಲ್ಲಿ ತೆರೆಯಲು ಸ್ವಲ್ಪ ಹೊತ್ತು ಹಿಡಿಯಿತು, ಆಮೇಲೆ ಸರಿಯಾಗಿಯೇ ಓಡಿತು.

ಈಗ ಇನ್ನೊಂದು ಪ್ರಶ್ನೆ. ಒಬ್ಬ ಹುಡುಗಿ ಬಹಳ ಹುರುಪಿನವಳು. ವೇರಿಯಬಲ್ ಹೆಸರನ್ನು ಕನ್ನಡದಲ್ಲಿ "ಎಡಮೋಟರ್" ಎಂದು ಬರೆದಳು. ಸ್ಟ್ರೇ, 340, ಇನ್ ಪ್ರೋಗ್ರಾಂ ಎಂದು ಉದ್ದಕ್ಕೂ ಎರರ್ ಬಂತು. ಇನ್ನೊಬ್ಬನಿಗೆ ಅದೇ ಎರರ್, ಆದರೆ ಅವನು ಕನ್ನಡ ಬರೆದೇ ಇಲ್ಲ. ಅವನದ್ದರಲ್ಲಿ 342 ಎಂದಿದೆ. ಏನಿದು?

ಇಳಕಲ್ ಸೆರಗು

ಈ ಎರಡು ಸಂಖ್ಯೆ ಲ್ಯಾಬಿನ ಗೋಡೆಗೆ ಬರೆದು ಹಚ್ಚಿ ಸರ್!

ಕನ್ನಡದ ಒಂದೊಂದು ಮೂಲಾಕ್ಷರವೂ, ಒಂದೊಂದು ಗುಣಿತ ಚಿಹ್ನೆಯೂ ಕಂಪ್ಯೂಟರಿನೊಳಗೆ ಮೂರು ಬೈಟ್ ಆಗಿ ಕೂರುತ್ತದೆ. ಮೊದಲ ಬೈಟ್ ಯಾವಾಗಲೂ ಒಂದೇ. ಎಂಟರ ಲೆಕ್ಕದಲ್ಲಿ (ಆಕ್ಟಲ್) ಬರೆದರೆ ಅದು 340. ಊನೊಗೆ ಬಳಸುವ ಕಂಪೈಲರ್ ಹಳೆಯದು, ಹೆಸರುಗಳಲ್ಲಿ ಇಂಗ್ಲಿಷ್ ಅಕ್ಷರ ಬಿಟ್ಟು ಬೇರೆ ಒಪ್ಪುವುದಿಲ್ಲ. ಆದ್ದರಿಂದ 340 ಕಂಡರೆ ಕೋಡಿನ ನಡುವೆ ಕನ್ನಡ ಅಕ್ಷರ ಇದೆ ಎಂದು ತಿಳಿಯಿರಿ.

342 ಹೆಚ್ಚಾಗಿ ಬಾಗಿದ ಉದ್ಧರಣ ಚಿಹ್ನೆಯದ್ದು. ಆ ಹುಡುಗ ಕೋಡನ್ನು ವಾಟ್ಸಾಪ್‌ನಿಂದಲೋ ವರ್ಡ್ ಫೈಲಿನಿಂದಲೋ ಕಾಪಿ ಮಾಡಿದ್ದಾನೆ, ಕೇಳಿ ನೋಡಿ. ಅಲ್ಲಿ ನೆಟ್ಟಗಿನ ಚಿಹ್ನೆ ಬಾಗಿ ಹೋಗಿರುತ್ತದೆ. ಅಳಿಸಿ ಕೀಬೋರ್ಡಿನಿಂದಲೇ ಮತ್ತೆ ಒತ್ತಿದರೆ ಸರಿಹೋಗುತ್ತದೆ.

ಆ ಹುಡುಗಿಗೆ ಬೈಯಬೇಡಿ. ಎರಡು ಓರೆಗೆರೆ ಹಾಕಿ ಅದರ ಮುಂದೆ ಕನ್ನಡದಲ್ಲಿ ಟಿಪ್ಪಣಿ ಬರೆಯಲು ಏನೂ ಅಡ್ಡಿಯಿಲ್ಲ, ಕಂಪೈಲರ್ ಅದನ್ನು ಓದುವುದೇ ಇಲ್ಲ. ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ, ಶಬ್ದ ಕನ್ನಡದ್ದೇ ಇರಲಿ. ನನ್ನ ಪ್ರಕಾರ ಮಕ್ಕಳ ಕೋಡಿನಲ್ಲಿ ಪ್ರತಿ ಸಾಲಿನ ಪಕ್ಕ ಕನ್ನಡ ಟಿಪ್ಪಣಿ ಕಡ್ಡಾಯ ಮಾಡಬೇಕು. ಯಾರು ತಿಳಿದು ಬರೆದರು, ಯಾರು ಎತ್ತಿ ಅಂಟಿಸಿದರು ಎನ್ನುವುದು ಅಲ್ಲೇ ಗೊತ್ತಾಗುತ್ತದೆ.

ಕುಂದಾ ಡಬ್ಬಿ

ಟಿಪ್ಪಣಿಯ ಉಪಾಯ ನನ್ನ ತರಗತಿಗೂ ಕದಿಯುತ್ತೇನೆ.

ಜಮಖಂಡಿ ಡಿಪ್ಲೊಮಾ

ನನ್ನ ಹತ್ತಿರ ಲ್ಯಾಪ್‌ಟಾಪ್ ಇಲ್ಲ. ಕಾಲೇಜಿನ ಲ್ಯಾಬ್ ಸಂಜೆ ಮುಚ್ಚುತ್ತದೆ. ಮನೆಯಲ್ಲಿ ಪ್ರಾಜೆಕ್ಟ್ ಮಾಡಬೇಕೆಂದರೆ ಮೊಬೈಲ್ ಒಂದೇ ಗತಿ. ಯಾರಾದರೂ ಮಾಡಿದ್ದೀರಾ?

ಉದ್ಯಮಬಾಗ ಲೇಥ್

ಮಾಡಬಹುದು ತಮ್ಮ. ಆರ್ಡುಯಿನೊಡ್ರಾಯ್ಡ್ ಎಂಬ ಆ್ಯಪ್ ಇದೆ. ಮೊಬೈಲಿಗೆ ಬೋರ್ಡು ಜೋಡಿಸಲು ಒಂದು ಒಟಿಜಿ ಕೇಬಲ್ ಬೇಕು. ಮೊಬೈಲಿನಲ್ಲೇ ಕೋಡ್ ಬರೆದು ಅಲ್ಲೇ ಕಂಪೈಲ್ ಮಾಡಿ ಊನೊಗೆ ಇಳಿಸುತ್ತದೆ. ನಮ್ಮ ಶಾಪಿನಲ್ಲಿ ಎರಡು ಮಷೀನಿನ ಕೌಂಟರ್ ಬೋರ್ಡಿಗೆ ನಾನು ಹಾಗೇ ಕೋಡ್ ತಿದ್ದುತ್ತೇನೆ. ಲೇಥಿನ ಪಕ್ಕ ಲ್ಯಾಪ್‌ಟಾಪ್ ಇಟ್ಟರೆ ಕೂಲಂಟ್ ಹಾರುತ್ತದೆ, ಮೊಬೈಲ್ ಆದರೆ ಕಿಸೆಯಲ್ಲಿರುತ್ತದೆ.

ದೊಡ್ಡ ಕೋಡಿಗೆ ಬೆರಳು ನೋಯುತ್ತವೆ, ಅದು ನಿಜ. ಕೇಬಲ್ ಕೊಳ್ಳುವಾಗ ನೋಡಿ ತಗೊಳ್ಳಿ. ಚಾರ್ಜ್ ಮಾತ್ರ ಆಗುವ, ಡೇಟಾ ಹೋಗದ ಕೇಬಲ್‌ಗಳೇ ಜಾಸ್ತಿ. ಬೋರ್ಡಿನ ದೀಪ ಹತ್ತುತ್ತದೆ, ಪೋರ್ಟ್ ಮಾತ್ರ ಕಾಣುವುದಿಲ್ಲ.

ಗುಮ್ಮಟದ ನೆರಳು

ಬೋರ್ಡು ಇಲ್ಲದ ಹೊತ್ತಿನಲ್ಲಿ ಬ್ರೌಸರಿನಲ್ಲೇ ಸಿಮ್ಯುಲೇಟರ್ (ಪರದೆಯ ಮೇಲಿನ ನಕಲಿ ಬೋರ್ಡು) ಬಳಸು ಜಮಖಂಡಿ. ಟಿಂಕರ್‌ಕ್ಯಾಡ್‌ನಲ್ಲಿ ಊನೊ ಸಿಗುತ್ತದೆ, ಬ್ಲಾಕೂ ಇದೆ, ಕೋಡೂ ಇದೆ. ವೋಕ್ವಿಯಲ್ಲಿ ಇಎಸ್‌ಪಿ32 ಎಂಬ ಇನ್ನೊಂದು ಬೋರ್ಡು, ಪಿಕೊ ಕೂಡ ಇವೆ. ಎರಡಕ್ಕೂ ನೆಟ್ ಬೇಕು ಅಷ್ಟೇ.

ಉದ್ಯಮಬಾಗ ಲೇಥ್

ಸಿಮ್ಯುಲೇಟರಿನಲ್ಲಿ ಬ್ಯಾಟರಿ ಇಳಿಯುವುದಿಲ್ಲ. ಅದೇ ಅದರ ಕೊರತೆ. ಇಲ್ಲಿ ಎಡಿಟರ್ ಎಡಿಟರ್ ಎಂದು ಎರಡು ಪುಟ ಬರೆದಿದ್ದೀರಿ. ಪ್ರಾಜೆಕ್ಟ್ ತಗೊಂಡು ನಮ್ಮ ಶಾಪಿಗೆ ಚಾಸಿಸ್ ಮಾಡಿಸಲು ಬರುವ ಹುಡುಗರಲ್ಲಿ "ಕೋಡ್ ತಪ್ಪಿದೆ ಅಣ್ಣ" ಎನ್ನುವವರ ಗಾಡಿ ಬಿಚ್ಚಿದರೆ ಬಹಳ ಸಲ ಒಳಗೆ 9 ವೋಲ್ಟ್‌ನ ಸಣ್ಣ ಚೌಕದ ಬ್ಯಾಟರಿ ಇರುತ್ತದೆ. ಅದು ಮೋಟರ್ ಎಳೆಯುವ ಬ್ಯಾಟರಿಯೇ ಅಲ್ಲ. ಎರಡು ಮೋಟರ್ ಒಟ್ಟಿಗೆ ತಿರುಗಿದ ಕೂಡಲೇ ವೋಲ್ಟೇಜ್ ಕುಸಿದು ಬೋರ್ಡು ರೀಸೆಟ್ ಆಗುತ್ತದೆ. ಪ್ರೋಗ್ರಾಂ ಮೊದಲಿನಿಂದ ಶುರು. ಹುಡುಗರು ಕೋಡ್ ನೋಡುತ್ತಾ ಕೂರುತ್ತಾರೆ.

ಕಂಡುಹಿಡಿಯುವುದು ಸುಲಭ. ಬೋರ್ಡು ಶುರುವಾದಾಗ ಒಮ್ಮೆ ಮಾತ್ರ ಓಡುವ ಸೆಟಪ್ ಭಾಗದಲ್ಲಿ 13ನೇ ಕಾಲಿನ ದೀಪ ಮೂರು ಸಲ ಮಿಂಚುವ ಹಾಗೆ ಬರೆಯಿರಿ. ಗಾಡಿ ಓಡುವಾಗ ನಡುವೆ ಆ ಮೂರು ಮಿಂಚು ಬಂತು ಎಂದರೆ ಬೋರ್ಡು ಸತ್ತು ಹುಟ್ಟಿದೆ. ದೋಷ ಕರೆಂಟಿನದ್ದು, ಕೋಡಿನದ್ದಲ್ಲ. 18650 ಲಿಥಿಯಂ ಸೆಲ್ ಎರಡನ್ನು ಒಂದರ ಹಿಂದೆ ಒಂದು (ಸೀರೀಸ್) ಹಾಕಿ, 7.4 ವೋಲ್ಟ್ ಆಗುತ್ತದೆ. ಎಲ್298 ತಾನೇ ಸುಮಾರು 2 ವೋಲ್ಟ್ ನುಂಗುತ್ತದೆ, ಮೋಟರಿಗೆ ಐದೂವರೆ ಉಳಿದರೆ ಸಾಕು. ಮಕ್ಕಳ ಕೈಗೆ ಆ ಸೆಲ್ ಕೊಡುವಾಗ ಹೋಲ್ಡರ್ ಮತ್ತು ಫ್ಯೂಸ್ ಇರಲಿ. ಶಾರ್ಟ್ ಆದರೆ ಬಿಸಿ ಜೋರು.

ಇಳಕಲ್ ಸೆರಗು

ಲೇಥ್ ಅವರ ಮಾತಿಗೆ ಇನ್ನೆರಡು ಸೇರಿಸುತ್ತೇನೆ. ಇವೂ ಮೇಲ್ನೋಟಕ್ಕೆ ಎಡಿಟರ್ ಅಥವಾ ಕೋಡಿನ ತಪ್ಪಿನಂತೆ ಕಾಣುತ್ತವೆ.

ಎಚ್‌ಸಿ-05 ಬ್ಲೂಟೂತನ್ನು 0 ಮತ್ತು 1ನೇ ಕಾಲಿಗೆ ಸಿಕ್ಕಿಸಿದ್ದರೆ ಅಪ್‌ಲೋಡ್ ಆಗುವುದಿಲ್ಲ. ಕಂಪ್ಯೂಟರ್ ಮಾತಾಡುವುದೂ ಅದೇ ಎರಡು ಕಾಲಿನ ಮೂಲಕ. ಅಪ್‌ಲೋಡ್ ಮಾಡುವಾಗ ಆ ವೈರ್ ತೆಗೆಯಬೇಕು.

ಹೇಳಿದ ಕೋನಕ್ಕೆ ತಿರುಗುವ ಸರ್ವೊ ಮೋಟರಿನ ಲೈಬ್ರರಿ ಸೇರಿಸಿದ ಕೂಡಲೇ ಊನೊದ 9 ಮತ್ತು 10ನೇ ಕಾಲಿನಲ್ಲಿ ವೇಗ ಹೊಂದಿಸುವ ಪಿಡಬ್ಲ್ಯೂಎಂ ನಿಂತುಹೋಗುತ್ತದೆ. ಸರ್ವೊವನ್ನು ಬೇರೆ ಕಾಲಿಗೆ ಹಾಕಿದ್ದರೂ ಅಷ್ಟೇ. ಬಹಳ ಜನ ಮೋಟರ್ ವೇಗಕ್ಕೆ ಇವೆರಡನ್ನೇ ಬಳಸಿರುತ್ತಾರೆ. ನಿನ್ನೆ ಓಡಿದ ಗಾಡಿಗೆ ಇವತ್ತು ಅಲ್ಟ್ರಾಸೋನಿಕ್ ತಲೆ ತಿರುಗಿಸಲು ಸರ್ವೊ ಸೇರಿಸುತ್ತಾರೆ, ಚಕ್ರ ಹಟ ಹಿಡಿಯುತ್ತದೆ. ಮೋಟರನ್ನು 5 ಮತ್ತು 6ಕ್ಕೆ ಬದಲಾಯಿಸಿ.

ಇನ್ನು ಸೀರಿಯಲ್ ಮಾನಿಟರ್, ಅಂದರೆ ಬೋರ್ಡು ಕಳಿಸಿದ್ದು ಕಂಪ್ಯೂಟರಿನಲ್ಲಿ ಕಾಣುವ ಜಾಗ. ಮಕ್ಕಳಿಗೆ ಎಡಿಟರ್‌ಗಿಂತ ಮೊದಲು ಕಲಿಸಬೇಕಾದದ್ದು ಇದನ್ನು. 1.8ರಲ್ಲೇ ಸೀರಿಯಲ್ ಪ್ಲಾಟರ್ ಕೂಡ ಇದೆ. ಐಆರ್ ಸೆನ್ಸರಿನ ಅನಲಾಗ್ ಬೆಲೆ ಕಪ್ಪಿನ ಮೇಲೆ ಎಷ್ಟು, ಬಿಳಿಯ ಮೇಲೆ ಎಷ್ಟು ಎಂದು ಗ್ರಾಫಿನಲ್ಲಿ ಏರಿಳಿಯುವುದು ಕಂಡರೆ ಮಿತಿ ಎಲ್ಲಿಡಬೇಕು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕಿಟಕಿ ಹತ್ತಿರ ಬಿಸಿಲಿನಲ್ಲಿ ಇಟ್ಟು ನೋಡಿ, ಗ್ರಾಫ್ ಪೂರ್ತಿ ಬೇರೆಯೇ ಆಗುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಲೈನ್ ಫಾಲೋವರ್ ಹೊರಗೆ ಓಡಿಸುವ ಆಸೆ ಬಿಡಿ.

ಆದರೆ ಓಡುವ ಗಾಡಿಯಲ್ಲಿ ಪ್ರಿಂಟ್ ಸಾಲು ಬಿಡಬೇಡಿ. 9600ರ ವೇಗದಲ್ಲಿ (ಸೆಕೆಂಡಿಗೆ 9600 ಬಿಟ್, ಒಂದು ಅಕ್ಷರಕ್ಕೆ ಹತ್ತು ಬಿಟ್) ಸೆಕೆಂಡಿಗೆ ಸುಮಾರು 960 ಅಕ್ಷರ ಮಾತ್ರ ಹೋಗುತ್ತವೆ. ಪ್ರತಿ ಸುತ್ತಿಗೆ 40 ಅಕ್ಷರ ಪ್ರಿಂಟ್ ಮಾಡಿದರೆ 40 ಮಿಲಿಸೆಕೆಂಡಿಗಿಂತ ಜಾಸ್ತಿ ಅದಕ್ಕೇ ಹೋಯಿತು. ಅಷ್ಟರಲ್ಲಿ ಗಾಡಿ ಗೆರೆ ದಾಟಿರುತ್ತದೆ. 115200 ಇಟ್ಟರೆ ಅದೇ ಕೆಲಸ ಮೂರೂವರೆ ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ.

ನವನಗರ ಮೇಷ್ಟ್ರು

ಈ 9600ರ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿಸಿದೆ. ಗಣಿತದ ಮೇಡಂ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಇದು ನನ್ನ ಪೀರಿಯಡ್" ಎಂದು ನಕ್ಕರು.

ಎಐ ಬಗ್ಗೆ ಏನು ಹೇಳುತ್ತೀರಿ? ಮಕ್ಕಳು ಮನೆಯಲ್ಲಿ ಮೊಬೈಲಿಗೆ ಕೇಳಿ ಪೂರ್ತಿ ಕೋಡ್ ಬರೆಸಿಕೊಂಡು ಬರುತ್ತಾರೆ.

ಗುಮ್ಮಟದ ನೆರಳು

ನಾವೂ ಬಳಸುತ್ತೇವೆ ಸರ್, ಸುಳ್ಳು ಹೇಳುವುದಿಲ್ಲ. ಇಎಸ್‌ಪಿ32 ಕೋಡಿನಲ್ಲಿ ಒಂದು ಮಜಾ ನೋಡಿ. ಅದರ ಆರ್ಡುಯಿನೊ ಪ್ಯಾಕೇಜು 2024ರಲ್ಲಿ 3.0ಕ್ಕೆ ಏರಿತು. ಆಗ ಮೋಟರ್ ವೇಗ ಹೊಂದಿಸುವ ಹಳೆಯ ಎರಡು ಫಂಕ್ಷನ್ ತೆಗೆದು ಅದರ ಜಾಗದಲ್ಲಿ ಒಂದೇ ಒಂದನ್ನು ಇಟ್ಟರು. ಹಳೆಯ ವಿಡಿಯೊಗಳಲ್ಲಿ ಇರುವುದು ಹಳೆಯದ್ದೇ. ಎಐ ಕೂಡ ಎಷ್ಟೋ ಸಲ ಹಳೆಯದನ್ನೇ ಬರೆದು ಕೊಡುತ್ತದೆ. ಹೊಸ ಪ್ಯಾಕೇಜಿನಲ್ಲಿ ಅದು ಕಂಪೈಲ್ ಆಗುವುದಿಲ್ಲ. ಎರರ್ ತೋರಿಸಿದರೆ ಎಐ ಕ್ಷಮೆ ಕೇಳಿ ಇನ್ನೊಂದು ಹಳೆಯದನ್ನು ಕೊಡುತ್ತದೆ. ಯಾವ ಆವೃತ್ತಿ ನಮ್ಮ ಹತ್ತಿರ ಇದೆ ಎಂದು ನಾವೇ ಹೇಳಬೇಕು.

ಇದಕ್ಕೇ ನಾನು ಪ್ಲಾಟ್‌ಫಾರ್ಮ್‌ಐಒ ಎನ್ನುವುದು. ಆವೃತ್ತಿ ಬರೆದಿಟ್ಟಿರುತ್ತದೆ.

ಕುಂದಾ ಡಬ್ಬಿ

ಒಂದು ಹಾಳೆಯ ಮೇಲೆ ಪೆನ್ನಿನಲ್ಲಿ ಬರೆದಿಟ್ಟರೂ ನಡೆಯುತ್ತದಲ್ಲ?

ಗುಮ್ಮಟದ ನೆರಳು

ಮೇಡಂ, ಹಾಳೆ ತಾನೇ ಲೈಬ್ರರಿ ಇಳಿಸುವುದಿಲ್ಲ. ನಮ್ಮದು ದ್ರಾಕ್ಷಿ ತೋಟದ ಸಾಲಿನ ನಡುವೆ ಓಡಿ ಮಣ್ಣಿನ ತೇವ ನೋಡುವ ಗಾಡಿ. ಇಎಸ್‌ಪಿ32 ಒಂದು ಕಡೆ, ಮೇಲೆ ಲ್ಯಾಪ್‌ಟಾಪಿನಲ್ಲಿ ರೋಬೋ ನಡೆಸುವ ಸಾಫ್ಟ್‌ವೇರ್ ರಾಸ್ 2. ನಾಲ್ಕು ಜನ ನಾಲ್ಕು ಭಾಗ ಬರೆಯುತ್ತೇವೆ. ಪೆನ್‌ಡ್ರೈವ್ ಹಂಚಿಕೊಂಡರೆ ಯಾರದ್ದು ಹೊಸದು ಯಾರದ್ದು ಹಳೆಯದು ಗೊತ್ತಾಗುವುದಿಲ್ಲ. ಯಾರು ಏನು ಬದಲಾಯಿಸಿದರು ಎಂದು ಲೆಕ್ಕ ಇಡುವ ಗಿಟ್ ಬೇಕೇ ಬೇಕು.

ಇಳಕಲ್ ಸೆರಗು

ನಿನ್ನ ಪ್ರಾಜೆಕ್ಟಿಗೆ ನೀನು ಹೇಳುವುದು ನೂರಕ್ಕೆ ನೂರು ಸರಿ ತಮ್ಮ. ನಾಲ್ಕು ಜನ, ಹಲವು ಫೈಲು, ವರ್ಷವಿಡೀ ನಡೆಯುವ ಕೆಲಸ. ಅಲ್ಲಿ ಐಡಿಇ 1.8 ಇಟ್ಟುಕೊಂಡರೆ ಹುಚ್ಚು ಹಿಡಿಯುತ್ತದೆ. ಮೇಷ್ಟ್ರದ್ದು ಒಂದು ಶನಿವಾರ, ಒಂದು ಫೈಲು, ಎರಡು ತಾಸು. ಒಂದೇ ಉತ್ತರ ಇಬ್ಬರಿಗೂ ಹೇಗೆ ಹೊಂದುತ್ತದೆ?

ಅಂದ ಹಾಗೆ ರಾಸ್ ಯಾವ ಆವೃತ್ತಿ? ಹಳೆಯ ರಾಸ್ 1ರ ಕೊನೆಯದು ನೋಯೆಟಿಕ್. ಅದರ ಬೆಂಬಲ 2025ರ ಮೇ ತಿಂಗಳಿಗೆ ಮುಗಿಯಿತು. ಸೀನಿಯರ್‌ಗಳ ಕೋಡ್ ಅದರಲ್ಲಿದ್ದರೆ ಎತ್ತಿಕೊಳ್ಳುವ ಮೊದಲು ಯೋಚಿಸು.

ಗುಮ್ಮಟದ ನೆರಳು

ರಾಸ್ 2ರ ಹಂಬಲ್ ಆವೃತ್ತಿ ಅಕ್ಕ, ಉಬುಂಟು 22.04 (ಲಿನಕ್ಸ್) ಮೇಲೆ. ಲ್ಯಾಪ್‌ಟಾಪಿನಲ್ಲಿ ಅದೇ ಇತ್ತು. ಸೀನಿಯರ್‌ಗಳದ್ದು ನೋಯೆಟಿಕ್‌ನಲ್ಲೇ ಇದೆ. ಅದರಿಂದ ಚಕ್ರದ ಲೆಕ್ಕ ಮಾತ್ರ ತೆಗೆದುಕೊಂಡೆವು.

ಇಳಕಲ್ ಸೆರಗು

ಹಂಬಲ್‌ಗೆ 2027ರ ಮೇ ತನಕ ಬೆಂಬಲ ಇದೆ. ನಿಮ್ಮ ಪ್ರಾಜೆಕ್ಟ್ ಮುಗಿಯುತ್ತದೆ. ಜೂನಿಯರ್‌ಗಳಿಗೆ ಹೊಸದಾಗಿ ಶುರು ಮಾಡಿಸುವುದಾದರೆ ಜಾಝಿ ಎಂಬ ಆವೃತ್ತಿ ಹಾಕಿಸು, ಉಬುಂಟು 24.04 ಮೇಲೆ. ಅದಕ್ಕೆ 2029ರ ತನಕ ಇದೆ.

ಉದ್ಯಮಬಾಗ ಲೇಥ್

ದ್ರಾಕ್ಷಿ ತೋಟದ ಮಣ್ಣಿನಲ್ಲಿ ಹಳದಿ ಬಿಒ ಮೋಟರ್ ಓಡುವುದಿಲ್ಲ, ಗೇರ್ ಪ್ಲಾಸ್ಟಿಕ್. ಚಾಸಿಸ್ ಬಗ್ಗೆ ಮಾತಾಡಬೇಕಿದ್ದರೆ ಬೇರೆ ಚರ್ಚೆ ತೆರೆ ತಮ್ಮ. ಇಲ್ಲಿ ಮೇಷ್ಟ್ರ ವಿಷಯ ಮುಗಿಯಲಿ.

ನವನಗರ ಮೇಷ್ಟ್ರು

ಹತ್ತೂ ಕಂಪ್ಯೂಟರಿಗೆ 1.8.19 ಪೋರ್ಟಬಲ್ ಹಾಕಿ ಆಯಿತು. ಮಕ್ಕಳ ರೋಬೋ ಸ್ಪರ್ಧೆ ಮುಗಿಯುವ ತನಕ ಯಾರೂ ಅಪ್‌ಡೇಟ್ ಗುಂಡಿ ಮುಟ್ಟಬಾರದು ಎಂದು ಬರೆದು ಹಚ್ಚಿದ್ದೇನೆ. ಅದರ ಪಕ್ಕದಲ್ಲೇ 340, 342. ಕುಂದಾ ಮೇಡಂ ಹೇಳಿದ ಬ್ಲಾಕನ್ನು ಸ್ವಲ್ಪ ಚೆನ್ನಾಗಿರುವ ಎರಡು ಕಂಪ್ಯೂಟರಿನಲ್ಲಿ ಹಾಕಿದ್ದೇನೆ. ಕೋಡ್ ಕಂಡರೆ ಹೆದರುವವರು ಮೊದಲು ಅಲ್ಲಿ ಕೂರುತ್ತಾರೆ.

ಕುಂದಾ ಡಬ್ಬಿ

ಹೆದರುವವರು ಮಾತ್ರ ಯಾಕೆ ಸರ್? ಎಲ್ಲರೂ ಅಲ್ಲಿಂದಲೇ ಶುರು ಮಾಡಲಿ ಎಂದು ನಾನು ಹೇಳಿದ್ದು. ಬ್ಲಾಕ್ ಎಂದರೆ ದಡ್ಡರ ಬೆಂಚು ಎನ್ನುವ ಭಾವನೆ ಮಕ್ಕಳಿಗೆ ಬಂದುಬಿಟ್ಟರೆ ಮುಗಿಯಿತು, ಆಮೇಲೆ ಯಾರೂ ಆ ಕಡೆ ಹೋಗುವುದಿಲ್ಲ.

ನವನಗರ ಮೇಷ್ಟ್ರು

ಇದನ್ನು ನಾನು ಯೋಚಿಸಿರಲಿಲ್ಲ ಮೇಡಂ. ಮುಂದಿನ ಶನಿವಾರ ಸರದಿಯ ಮೇಲೆ ಎಲ್ಲರನ್ನೂ ಕೂರಿಸುತ್ತೇನೆ. ಜಮಖಂಡಿ ಹುಡುಗ ಬೇಕಾದರೆ ಬಂದು ಆ ಪೋರ್ಟಬಲ್ ಫೋಲ್ಡರ್ ತಗೊಂಡು ಹೋಗಲಿ. ಒಂದು ಹಳೇ ಸಿಪಿಯು ಕೂಡ ಲ್ಯಾಬಿನ ಮೂಲೆಯಲ್ಲಿ ಬಿದ್ದಿದೆ. ಹೆಡ್‌ಮಾಸ್ಟರ್ ಒಪ್ಪಿದರೆ ಪ್ರಾಜೆಕ್ಟ್ ಮುಗಿಯುವ ತನಕ ಇಟ್ಟುಕೊಳ್ಳಬಹುದು.

ಜಮಖಂಡಿ ಡಿಪ್ಲೊಮಾ

ಸರ್, ಸಿಪಿಯು ತಂದೆ. ಬಹಳ ಉಪಕಾರ ಆಯಿತು. ಅದರಲ್ಲಿ ವಿಂಡೋಸ್ ಎದ್ದೇಳಲಿಲ್ಲ, ಗೆಳೆಯನೊಬ್ಬ ಉಬುಂಟು 22.04 ಹಾಕಿಕೊಟ್ಟ. ವಿಂಡೋಸಿನ ಫೋಲ್ಡರ್ ಅದರಲ್ಲಿ ಓಡಲಿಲ್ಲ, ಲಿನಕ್ಸಿನ 1.8.19 ಬೇರೆ ಇಳಿಸಿಕೊಂಡೆ. ಈಗ ಬೋರ್ಡು ಚುಚ್ಚಿದರೆ ಪೋರ್ಟ್ ಒಂದು ಕ್ಷಣ ಬಂದು ಮಾಯವಾಗುತ್ತದೆ. ಕೇಬಲ್ ಬದಲಾಯಿಸಿದೆ, ಅದೇ ಕಥೆ.

ಇಳಕಲ್ ಸೆರಗು

ಕೇಬಲ್ ಸರಿಯಾಗಿಯೇ ಇದೆ. ಉಬುಂಟು 22.04ರಲ್ಲಿ ಬಿಆರ್‌ಎಲ್‌ಟಿಟಿವೈ ಎಂಬ ಪ್ಯಾಕೇಜ್ ಇರುತ್ತದೆ, ಕಣ್ಣು ಕಾಣದವರು ಬಳಸುವ ಬ್ರೈಲ್ ಯಂತ್ರಕ್ಕಾಗಿ. ನಿನ್ನ ಸಿಎಚ್340 ಚಿಪ್ಪನ್ನು ಅದು ಬ್ರೈಲ್ ಯಂತ್ರ ಎಂದುಕೊಂಡು ಹಿಡಿದುಕೊಳ್ಳುತ್ತದೆ. ಮನೆಯಲ್ಲಿ ಯಾರಿಗೂ ಆ ಯಂತ್ರ ಬೇಕಿಲ್ಲವಾದರೆ ಪ್ಯಾಕೇಜ್ ತೆಗೆದುಹಾಕು, ಕೇಬಲ್ ಕಿತ್ತು ಮತ್ತೆ ಚುಚ್ಚು. ಆಮೇಲೆ ಅಪ್‌ಲೋಡ್ ಮಾಡುವಾಗ ಪರ್ಮಿಷನ್ ಇಲ್ಲ ಎಂದರೆ ನಿನ್ನ ಯೂಸರ್ ಹೆಸರನ್ನು ಡಯಲ್‌ಔಟ್ ಗುಂಪಿಗೆ ಸೇರಿಸಿ, ಒಮ್ಮೆ ಲಾಗ್‌ಔಟ್ ಆಗಿ ಒಳಗೆ ಬಾ.

ಜಮಖಂಡಿ ಡಿಪ್ಲೊಮಾ

ಬಂತು ಅಕ್ಕ! ಎರಡೂ ಮಾಡಬೇಕಾಯಿತು. ದೀಪ ಮಿಂಚುತ್ತಿದೆ. ಲೇಥ್ ಅಣ್ಣ ಹೇಳಿದ ಮೂರು ಮಿಂಚನ್ನೂ ಸೆಟಪ್‌ನಲ್ಲಿ ಹಾಕಿದ್ದೇನೆ. ಮೋಟರ್ ನಾಳೆ ಕೊರಿಯರ್‌ನಲ್ಲಿ ಬರಬೇಕು.